ಹೆರಿಗೆಗೆ ಮುಂಚೆ ಹಾಲುಣಿಸುವ ಸಾಮಾನು: ಯಾವುದು ಈಗ ಬೇಕು, ಯಾವುದು ಕಾಯಲಿ

ತಂಗಿ, ನಮ್ಮ ಈ ತಾಯಂದಿರ ಗುಂಪಿನಲ್ಲಿ ನೀವು ಹಾಕಿದ ಸಾಮಾನಿನ ಪಟ್ಟಿ ಪೂರ್ತಿ ಓದಿದೆ. 34 ವಾರ ತುಂಬಿದೆ, ಮೊದಲ ಬಸಿರು, ಮುಂದಿನ ವಾರ ಹಾವೇರಿಯ ತವರಿಗೆ ಹೋಗುತ್ತೀರಿ, ಅದಕ್ಕೆ ಮುಂಚೆ ಹುಬ್ಬಳ್ಳಿಯಲ್ಲೇ ಎಲ್ಲ ಕೊಂಡುಬಿಡಬೇಕು ಅಂತ ಬರೆದಿದ್ದೀರಿ. ಎದೆಹಾಲು ತೆಗೆಯುವ ಎಲೆಕ್ಟ್ರಿಕ್ ಪಂಪ್, ಆರು ಬಾಟಲಿ, ಸ್ಟೆರಿಲೈಸರ್, ಫೀಡಿಂಗ್ ದಿಂಬು, ನಿಪ್ಪಲ್ ಕ್ರೀಮ್, ನಿಪ್ಪಲ್ ಶೀಲ್ಡ್ (ತೊಟ್ಟಿನ ಮೇಲೆ ಇಡುವ ತೆಳು ಕವಚ), ಸೋರುವ ಹಾಲು ಹೀರಲು ಬ್ರಾ ಒಳಗಿಡುವ ಪ್ಯಾಡ್, ಬ್ರಾ, ಶತಾವರಿ ಪುಡಿ, ಜೊತೆಗೆ 'ಇರಲಿ ಅಂತ' ಒಂದು ಹಾಲಿನ ಪುಡಿ ಡಬ್ಬಿ. ಹೆರಿಗೆ ರಜೆ ಮುಗಿದ ಮೇಲೆ ಆಫೀಸಿಗೆ ವಾಪಸ್ ಹೋಗಬೇಕು ಅಂತಲೂ ಹೇಳಿದ್ದೀರಿ.

ನಾನು ಇಬ್ಬರು ಮಕ್ಕಳಿಗೆ ಹಾಲುಣಿಸಿದ್ದೇನೆ. ಮೊದಲನೆಯವಳು ಸಿಸೇರಿಯನ್, ಎರಡನೆಯವನು ನಾರ್ಮಲ್. ಮೊದಲ ಸಲ ನನ್ನ ಪಟ್ಟಿಯೂ ಹೆಚ್ಚುಕಡಿಮೆ ನಿಮ್ಮದರ ಹಾಗೇ ಇತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಮಾನು ಡಬ್ಬಿ ಬಿಚ್ಚದೆ ಹಾಗೇ ಉಳಿಯಿತು. ನಿಜವಾಗಿ ಬೇಕಾಗಿದ್ದ ಒಂದೆರಡು ಮಾತ್ರ ಕೈಗೆ ಸಿಗಲಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟು. ಈಗ ತುಂಬ ಕಡಿಮೆ ಕೊಳ್ಳಿ. ಉಳಿದ ದುಡ್ಡನ್ನು ಎತ್ತಿಡಿ. ಯಾವ ಸಾಮಾನು ಹಾವೇರಿಯಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ನಿಮ್ಮ ಯಜಮಾನರಿಗೋ ತಮ್ಮನಿಗೋ ಗೊತ್ತಿರಲಿ. ನಿಮಗೆ ಏನು ಬೇಕು ಅನ್ನೋದು ಮಗು ಹುಟ್ಟಿ ಎಂಟು ಹತ್ತು ದಿನ ಆಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಪಂಪ್ ವಿಷಯ. ದುಡ್ಡು ಜಾಸ್ತಿ ಹೋಗುವುದು ಅದಕ್ಕೇ.

ಹುಟ್ಟಿದ ದಿನ ಮಗುವಿನ ಹೊಟ್ಟೆ ತುಂಬ ಚಿಕ್ಕದು. ಒಂದು ಸಲಕ್ಕೆ 5ರಿಂದ 7 ಮಿಲಿ ಸಾಕು, ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆಗ ಬರುವ ಹಳದಿ ಹಾಲು ಅಂಟಂಟಾಗಿರುತ್ತದೆ, ಹನಿ ಹನಿಯಾಗಿ ಬರುತ್ತದೆ. ಅದನ್ನು ಪಂಪಿನಲ್ಲಿ ತೆಗೆದರೆ ಅರ್ಧ ಹಾಲು ಬಾಟಲಿಯ ಗೋಡೆಗೇ ಅಂಟಿಕೊಳ್ಳುತ್ತದೆ. ಕೈಯಲ್ಲಿ ಹಿಂಡಿ ಚಮಚಕ್ಕೆ ಇಳಿಸುವುದೇ ಸರಿ. ಹಾಲು ತುಂಬಿ ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನ. ಸಿಸೇರಿಯನ್ ಆದರೆ ಇನ್ನೂ ಸ್ವಲ್ಪ ತಡ ಆಗಬಹುದು. ಅಂದರೆ ಆಸ್ಪತ್ರೆ ಬ್ಯಾಗಿನಲ್ಲಿ ಪಂಪ್ ಇಟ್ಟುಕೊಂಡು ಹೋಗಿ ಉಪಯೋಗವಿಲ್ಲ.

ಇನ್ನೊಂದು ಕಾರಣ ಅಳತೆ. ಪಂಪಿನ ಬಾಯಿ, ಅಂದರೆ ಎದೆಗೆ ಹಚ್ಚುವ ಕೊಳವೆಯಂಥ ಭಾಗ, ಸಾಮಾನ್ಯವಾಗಿ 24 ಅಥವಾ 28 ಮಿಲಿಮೀಟರಿನದು ಬರುತ್ತದೆ. ಅದು ನಿಮ್ಮ ತೊಟ್ಟಿಗಿಂತ ಸ್ವಲ್ಪವೇ ದೊಡ್ಡದಿರಬೇಕು. ತೀರಾ ದೊಡ್ಡದಾದರೆ ಸುತ್ತಲಿನ ಚರ್ಮವನ್ನೂ ಎಳೆದುಕೊಳ್ಳುತ್ತದೆ, ಚಿಕ್ಕದಾದರೆ ಉಜ್ಜಿ ಗಾಯ ಆಗುತ್ತದೆ. ಎರಡರಲ್ಲೂ ಹಾಲು ಸರಿಯಾಗಿ ಇಳಿಯುವುದಿಲ್ಲ. ಬಸುರಿಯಾಗಿದ್ದಾಗಿನ ಅಳತೆ ಹೆರಿಗೆ ಆದ ಮೇಲೆ ಬದಲಾಗುತ್ತದೆ. ನನ್ನ ಪಂಪಿನ ಜೊತೆ 28ರದು ಬಂದಿತ್ತು, ನನಗೆ ಬೇಕಾಗಿದ್ದದ್ದು 21. ಹದಿನೈದು ದಿನ ನೋವು ತಿಂದು, 'ನನಗೆ ಹಾಲೇ ಇಲ್ಲ' ಅಂತ ಅತ್ತಿದ್ದೇನೆ. ಹಾಲು ಇತ್ತು. ಅಳತೆ ತಪ್ಪಿತ್ತು.

ನಿಮಗೆ ಆಫೀಸು ಇದೆ, ಹಾಗಾಗಿ ಪಂಪ್ ಮುಂದೊಂದು ದಿನ ಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ ಲೆಕ್ಕ ಹಾಕಿ. 2017ರಿಂದ ಕಾನೂನಿನಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಇದೆ. ಹೆರಿಗೆಗೆ ಮುಂಚೆ ನಾಲ್ಕೈದು ವಾರ ತೆಗೆದುಕೊಂಡರೂ ಆಮೇಲೆ ಐದು ತಿಂಗಳ ಹತ್ತಿರ ಉಳಿಯುತ್ತದೆ. ವಾಪಸ್ ಹೋಗುವುದಕ್ಕೆ ಒಂದೂವರೆ ತಿಂಗಳು ಮುಂಚೆ ಕೊಂಡರೆ ಕೈ ಪಳಗಲು ಸಾಕಷ್ಟು ಟೈಮ್ ಸಿಗುತ್ತದೆ. ಈಗಲೇ ಕೊಂಡರೆ ವಾರಂಟಿ ಕಪಾಟಿನಲ್ಲೇ ಕಳೆದುಹೋಗುತ್ತದೆ. ಮಗುವಿಗೆ 15 ತಿಂಗಳು ಆಗುವವರೆಗೆ ಕೆಲಸದ ನಡುವೆ ಎರಡು ಸಲ ಹಾಲುಣಿಸುವ ಬಿಡುವು ಕೊಡಬೇಕು ಅಂತಲೂ ಕಾನೂನಿದೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಜಾಗವೂ ಇರಬೇಕು. ಪಂಪ್ ಯಾವುದು ಅಂತ ನೋಡುವ ಮುಂಚೆ ಎಚ್‌ಆರ್ ಅವರಿಗೆ ಒಂದು ಮೇಲ್ ಹಾಕಿ ಕೇಳಿ: ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಇದೆಯಾ, ಫ್ರಿಜ್ ಇದೆಯಾ? ಇಲ್ಲ ಅಂದರೆ ನಿಮಗೆ ಬೇರೆ ಥರದ ಪಂಪೇ ಬೇಕಾಗುತ್ತದೆ.

ಮಗು ತಿಂಗಳು ತುಂಬುವ ಮುಂಚೆ ಹುಟ್ಟಿದರೆ ಅಥವಾ ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇಡಬೇಕಾಗಿ ಬಂದರೆ ಮಾತು ಬೇರೆ. ಆಗ ಮೊದಲ ದಿನದಿಂದಲೇ ಹಾಲು ತೆಗೆಯಬೇಕು. ಹಲವು ಆಸ್ಪತ್ರೆಗಳಲ್ಲೇ ಪಂಪ್ ಇರುತ್ತದೆ. ಕೇಳಲು ಸಂಕೋಚ ಬೇಡ. ಇನ್ನೊಂದು ಮಾತು: ಯಾರೋ ಗೆಳತಿ ಬಳಸಿದ ಪಂಪ್ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಹಲವು ಪಂಪ್‌ಗಳಲ್ಲಿ ಹಾಲಿನ ಹನಿ ಮೋಟಾರಿನ ಒಳಗೂ ಹೋಗಿರುತ್ತದೆ, ಅಲ್ಲಿ ತೊಳೆಯಲು ಆಗುವುದಿಲ್ಲ.

ಆರು ಬಾಟಲಿ ಬೇಡ. ಒಂದೂ ಬೇಡ. ಅದರ ಬದಲು ಒಂದು ಒಳಲೆ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿ ಇರುವ ಪುಟ್ಟ ಬಟ್ಟಲು, ಇಟ್ಟುಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಅದೇ ಇಲ್ಲ! ಹಾವೇರಿಯಲ್ಲಿ ಅಮ್ಮನ ಹತ್ತಿರ, ಇಲ್ಲವೆ ಅಜ್ಜಿಯ ಪೆಟ್ಟಿಗೆಯಲ್ಲಿ ಬೆಳ್ಳಿಯದೊಂದು ಇದ್ದೇ ಇರುತ್ತದೆ, ಕೇಳಿ ನೋಡಿ. ಆಸ್ಪತ್ರೆಯಲ್ಲಿ ನರ್ಸ್‌ಗಳು ಇದನ್ನೇ ಪಾಲಡೈ ಅನ್ನುತ್ತಾರೆ. ಸ್ಟೀಲಿನದು ಪಾತ್ರೆ ಅಂಗಡಿಯಲ್ಲೂ ಮೆಡಿಕಲ್ ಶಾಪಿನಲ್ಲೂ ಕಡಿಮೆ ದುಡ್ಡಿಗೆ ಸಿಗುತ್ತದೆ. ಯಾವುದೋ ಕಾರಣಕ್ಕೆ ಮಗು ಮೊದಲೆರಡು ದಿನ ಎದೆ ಹಿಡಿಯದಿದ್ದರೆ ಕೈಯಲ್ಲಿ ಹಿಂಡಿದ ಹಾಲನ್ನು ಇದರಲ್ಲೇ ಕುಡಿಸಬಹುದು. ಬಾಟಲಿಯ ರಬ್ಬರನ್ನು ಚೀಪುವ ರೀತಿ ಬೇರೆ, ಎದೆಯನ್ನು ಚೀಪುವ ರೀತಿ ಬೇರೆ. ಶುರುವಿನಲ್ಲೇ ಬಾಟಲಿ ರೂಢಿಯಾದರೆ ಕೆಲವು ಮಕ್ಕಳು ಎದೆಗೆ ಹಾಕಿಕೊಂಡಾಗ ಮುಖ ತಿರುಗಿಸುತ್ತವೆ. ನನ್ನ ಮಗಳು ಹಾಗೇ ಮಾಡಿದಳು. ವಾಪಸ್ ಎದೆಗೆ ತರಲು ಮೂರು ವಾರ ಹಿಡಿಯಿತು.

ಒಳಲೆಯಲ್ಲಿ ಕುಡಿಸುವಾಗ ಮಗುವನ್ನು ಮಲಗಿಸಬೇಡಿ. ತಲೆ ಎತ್ತರಕ್ಕೆ ಬರುವ ಹಾಗೆ ತೊಡೆಯ ಮೇಲೆ ಕೂರಿಸಿಕೊಳ್ಳಿ. ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ, ಬಾಯಿಯ ಪಕ್ಕಕ್ಕೆ ಸ್ವಲ್ಪ ಸ್ವಲ್ಪ ಬಿಡಿ. ನುಂಗಿದ ಮೇಲೆ ಇನ್ನೊಂದು ಗುಟುಕು. ಗಂಟಲಿಗೆ ಸುರಿಯುವ ಪದ್ಧತಿ ಕೆಲವು ಮನೆಗಳಲ್ಲಿದೆ, ಅದನ್ನು ಖಂಡಿತ ಬಿಡಿಸಿ. ಹಳೆಯ ಬೆಳ್ಳಿ ಒಳಲೆಯ ಮೂತಿಯೊಳಗೆ ಕೊಳೆ ಕೂತಿರುತ್ತದೆ. ಚಿಕ್ಕ ಬ್ರಷ್ ಹಾಕಿ ತಿಕ್ಕಿ, ಹತ್ತು ನಿಮಿಷ ನೀರಿನಲ್ಲಿ ಕುದಿಸಿ. ಆ ಕುದಿಸುವ ಪಾತ್ರೆಯೇ ನಿಮ್ಮ ಸ್ಟೆರಿಲೈಸರ್. ಮಿಷನ್ ಬೇಕಿಲ್ಲ.

ಹಾಲಿನ ಪುಡಿ ಡಬ್ಬಿ ಬಗ್ಗೆ ನನ್ನ ಮಾತು ಗಟ್ಟಿ: ಮನೆಯಲ್ಲಿ ಇಡಬೇಡಿ. ಮೊದಲ ಹೆರಿಗೆಯಲ್ಲಿ ನನಗೆ ಅರವಳಿಕೆಯ ಮಂಪರು ಇಳಿಯುವುದಕ್ಕೆ ಮುಂಚೆಯೇ ಡಬ್ಬಿ ತರಲು ಚೀಟಿ ಬರೆದುಕೊಟ್ಟಿದ್ದರು. ಮಗುವನ್ನು ನನ್ನ ಎದೆಗೆ ಹಾಕಿದ್ದು ಆಮೇಲೆ. ಡಬ್ಬಿ ಕಣ್ಣೆದುರಿಗೆ ಇದ್ದರೆ ಮಗು ಅತ್ತಾಗೆಲ್ಲ ಯಾರೋ ಒಬ್ಬರು 'ಪಾಪ, ಹಸಿವು, ಸ್ವಲ್ಪ ಕೊಡು' ಅನ್ನುತ್ತಾರೆ. ಕೊಟ್ಟಷ್ಟೂ ಮಗು ಎದೆ ಚೀಪುವುದು ಕಡಿಮೆ ಆಗುತ್ತದೆ, ಚೀಪುವುದು ಕಡಿಮೆ ಆದಷ್ಟೂ ಹಾಲು ಬರುವುದೂ ಕಡಿಮೆ. 1992ರ ಕಾನೂನಿನ ಪ್ರಕಾರ ನಮ್ಮ ದೇಶದಲ್ಲಿ ಹಾಲಿನ ಪುಡಿಗೂ ಫೀಡಿಂಗ್ ಬಾಟಲಿಗೂ ಜಾಹೀರಾತು ಕೊಡುವಂತಿಲ್ಲ, ತಾಯಂದಿರಿಗೆ ಫ್ರೀ ಸ್ಯಾಂಪಲ್ ಹಂಚುವಂತಿಲ್ಲ, ಡಬ್ಬಿಯ ಮೇಲೆ ಮಗುವಿನ ಚಿತ್ರವನ್ನೂ ಹಾಕುವಂತಿಲ್ಲ. ಸುಮ್ನೆ ಮಾಡಿದ ಕಾನೂನಲ್ಲ ಅದು. ಆದರೆ ಮಗುವಿಗೆ ಸಕ್ಕರೆ ಅಂಶ ಇಳಿದಿದೆ, ತೂಕ ತುಂಬ ಇಳಿದಿದೆ ಅಂತ ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳದೆ ಕೊಡಿ. ಅದು ಔಷಧಿಯ ಥರ. ಅರ್ಧ ಗಂಟೆಯಲ್ಲಿ ಮೆಡಿಕಲ್ ಶಾಪಿನಿಂದ ಬರುತ್ತದೆ.

ನಿಪ್ಪಲ್ ಶೀಲ್ಡ್ ಈಗ ಬೇಡ. ತೊಟ್ಟು ಒಳಗೆ ಎಳೆದುಕೊಂಡಿದೆ ಅನ್ನೋ ಚಿಂತೆ ಇದ್ದರೆ ಮುಂದಿನ ತಪಾಸಣೆಯಲ್ಲಿ ತೋರಿಸಿ. 10 ಮಿಲಿ ಸಿರಿಂಜಿನ ಮೂತಿ ಕತ್ತರಿಸಿ, ದಂಡವನ್ನು ಕತ್ತರಿಸಿದ ಕಡೆಯಿಂದ ಹಾಕಿ, ನುಣುಪಾದ ಬದಿಯನ್ನು ಎದೆಗೆ ಹಚ್ಚಿ ಮೆಲ್ಲಗೆ ಎಳೆಯುವ ಉಪಾಯವನ್ನು ನರ್ಸ್‌ಗಳೇ ಹೆರಿಗೆ ಆದ ಮೇಲೆ ಹೇಳಿಕೊಡುತ್ತಾರೆ. ಕ್ರೀಮ್ ಒಂದು ಚಿಕ್ಕ ಟ್ಯೂಬ್ ಬೇಕಾದರೆ ಇರಲಿ, ಲ್ಯಾನೋಲಿನ್ ಇರುವುದು. ನಿಮ್ಮದೇ ಹಾಲಿನ ನಾಲ್ಕು ಹನಿ ಸವರಿ ಆರಲು ಬಿಟ್ಟರೂ ಸಾಕು. ಸೋಪು ಹಾಕಬೇಡಿ. ಬಿರುಕು ಬಿಡುತ್ತಿದೆ ಅಂದರೆ ಮಗು ಬರೀ ತೊಟ್ಟನ್ನು ಹಿಡಿಯುತ್ತಿದೆ ಅಂತ ಅರ್ಥ. ಬಾಯಿ ಅಗಲ ತೆರೆದು, ಕೆಳತುಟಿ ಹೊರಗೆ ಮಡಚಿ, ಗದ್ದ ಎದೆಗೆ ತಾಗಿ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಅದು ಸರಿಯಾಗದೆ ಎಷ್ಟು ಟ್ಯೂಬ್ ಹಚ್ಚಿದರೂ ವಾಸಿಯಾಗುವುದಿಲ್ಲ.

ಫೀಡಿಂಗ್ ದಿಂಬಿನ ಬದಲು ಮನೆಯಲ್ಲಿರುವ ಮೂರು ದಿಂಬು, ಕಾಲಿಡಲು ಒಂದು ಮಣೆ. ಸಿಸೇರಿಯನ್ ಆದರೆ ಹೊಟ್ಟೆಯ ಮೇಲೆ ಮಗು ಇಟ್ಟುಕೊಳ್ಳಲು ಆಗುವುದಿಲ್ಲ. ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡ ಹಾಗೆ ಮಗುವನ್ನು ಪಕ್ಕದಲ್ಲಿ ದಿಂಬಿನ ಮೇಲೆ ಇಟ್ಟು ತೋಳಿನಡಿ ಹಿಡಿದು ಕುಡಿಸಬೇಕು. ಅದಕ್ಕೆ ಚೌಕದ ಗಟ್ಟಿ ದಿಂಬೇ ಅನುಕೂಲ.

ಪ್ಯಾಡ್‌ಗೆ ಅಪ್ಪನ ಹಳೆಯ ಹತ್ತಿ ಪಂಚೆ ಸಾಕು. ಒಗೆದು ಬಿಸಿಲಿಗೆ ಒಣಗಿಸಿ, ಅಂಗೈ ಅಗಲದ ತುಂಡು ಮಾಡಿ, ನಾಲ್ಕು ಪದರ ಹೊಲಿದಿಡಿ. ಇಪ್ಪತ್ತು ಮಾಡಿಸಿ, ಬೇಕಾಗುತ್ತವೆ. ಬ್ರಾ ಎರಡು ಮಾತ್ರ, ತಂತಿ ಇಲ್ಲದ್ದು, ಈಗಿನದಕ್ಕಿಂತ ಒಂದು ಅಳತೆ ದೊಡ್ಡದು. ಮುಂದೆ ಜಿಪ್ ಇರುವ ನೈಟಿ ನಾಲ್ಕು ಖಂಡಿತ ಕೊಳ್ಳಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸುವಾಗ, ಅದರಲ್ಲೂ ರಾತ್ರಿ ಎರಡು ಗಂಟೆಗೆ, ಕೈಗೆ ಸಲೀಸಾಗಿ ಸಿಗುವುದು ಅದೇ.

ಹಾಲು ಇಡುವ ಚೀಲವನ್ನು ಪಂಪ್ ತರುವಾಗಲೇ ನೋಡಿದರಾಯಿತು. ತೆಗೆದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಅಂತ ನೆನಪಿಟ್ಟುಕೊಳ್ಳಿ. ನಮ್ಮ ಏಪ್ರಿಲ್ ಸೆಕೆಯಲ್ಲಿ ಹೊರಗೆ ಅಷ್ಟು ಹೊತ್ತೂ ಇಡಬೇಡಿ.

ಶತಾವರಿ ಪುಡಿಗೆ ಕೊಡುವ ದುಡ್ಡಿಗೆ ಒಂದು ದೊಡ್ಡ ಫ್ಲಾಸ್ಕ್ ಕೊಳ್ಳಿ. ನಮ್ಮ ಕಡೆ ಬಾಣಂತಿಗೆ ನೀರು ಕೊಡಲು ಹಿರಿಯರು ಹಿಂದೆಮುಂದೆ ನೋಡುತ್ತಾರೆ, ಅಲ್ವಾ? ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನ ಉಂಡೆ ಎಲ್ಲ ಪ್ರೀತಿಯಿಂದ ಮಾಡಿಕೊಡುತ್ತಾರೆ, ತಿನ್ನಿ. ನೀರು ಮಾತ್ರ ಬಾಯಾರಿದಾಗೆಲ್ಲ ಕುಡಿಯಲೇಬೇಕು. ಬಿಸಿನೀರು ಫ್ಲಾಸ್ಕಿನಲ್ಲಿ ಪಕ್ಕದಲ್ಲೇ ಇದ್ದರೆ ಅಮ್ಮನಿಗೂ ಸಮಾಧಾನ, ನಿಮಗೂ ಸಲೀಸು. ಮಗುವಿಗೆ ಮಾತ್ರ ಆರು ತಿಂಗಳು ನೀರೂ ಬೇಡ, ಬಜೆ ತೇಯ್ದಿದ್ದೂ ಬೇಡ, ಜೇನಂತೂ ಒಂದು ವರ್ಷ ತುಂಬುವವರೆಗೆ ಬೇಡ. ಇದನ್ನು ಅಮ್ಮನ ಹತ್ತಿರ ಈಗಲೇ ಕೂತು ಮಾತಾಡಿ. ಹೆರಿಗೆಯ ದಿನ ವಾದ ಮಾಡುವ ಶಕ್ತಿ ನಿಮ್ಮಲ್ಲಿ ಇರುವುದಿಲ್ಲ. ಮಗುವಿಗೆ ಹಾಕಬೇಕಾದ ವಿಟಮಿನ್ ಡಿ ಹನಿ, ದಿನಕ್ಕೆ 400 ಐಯು, ಡಾಕ್ಟರು ಬರೆದುಕೊಡುತ್ತಾರೆ. ಮರೆತರೆ ನೀವೇ ಕೇಳಿ.

ಇನ್ನೊಂದು ತಯಾರಿ ಇದೆ, ಅದಕ್ಕೆ ದುಡ್ಡು ಬೇಕಿಲ್ಲ. ಹೆರಿಗೆ ಮಾಡಿಸುವ ಆಸ್ಪತ್ರೆಗೆ ಹೋದಾಗ ಮೂರು ವಿಷಯ ಕೇಳಿ. ಮೊದಲ ಒಂದು ಗಂಟೆಯಲ್ಲಿ ಮಗುವನ್ನು ಎದೆಗೆ ಹಾಕುತ್ತೀರಾ? ಸಿಸೇರಿಯನ್ ಆದರೂ ಹಾಕುತ್ತೀರಾ? ಹಾಲುಣಿಸುವುದು ತೋರಿಸಿಕೊಡುವ ನರ್ಸ್ ಯಾರು, ರಾತ್ರಿ ಇರುತ್ತಾರಾ? ನಿಮ್ಮ ತಾಯಿ ಕಾರ್ಡ್ ಹುಬ್ಬಳ್ಳಿ ವಿಳಾಸದಲ್ಲಿ ಇರಬಹುದು. ತವರಿನ ಓಣಿಯ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ. ಆಸ್ಪತ್ರೆಯಲ್ಲಿ ಹೆರಿಗೆ ಆದ ಮೇಲೆ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬಂದು ಮಗುವಿನ ತೂಕ ನೋಡಬೇಕು. ನನಗೆ ಎರಡನೇ ಸಲ ಮಗು ಎದೆ ಹಿಡಿಯುವ ರೀತಿ ಸರಿಮಾಡಿಕೊಟ್ಟದ್ದು ಅವರೇ, ಹತ್ತು ನಿಮಿಷದಲ್ಲಿ.

ಐದನೇ ದಿನದಿಂದ ಮಗು ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಉಚ್ಚೆ ಮಾಡಿದರೆ, ಕುಡಿಯಲು ಎಬ್ಬಿಸಿದರೂ ಏಳದಿದ್ದರೆ, ಅಂಗೈ ಅಂಗಾಲು ಹಳದಿ ಆದರೆ ಇಲ್ಲಿ ಕೇಳುತ್ತಾ ಕೂರಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ನಿಮಗೇ ಜ್ವರ ಬಂದು ಎದೆ ಕೆಂಪಗೆ ಗಟ್ಟಿಯಾದರೂ ಹಾಗೇ. ಬೇರೆ ಏನೇ ಇದ್ದರೂ ರಾತ್ರಿ ಎಷ್ಟು ಹೊತ್ತಿಗಾದರೂ ಇಲ್ಲಿ ಬರೆಯಿರಿ, ನಮ್ಮಲ್ಲಿ ಯಾರಾದರೊಬ್ಬರು ಮಗುವಿಗೆ ಹಾಲು ಕೊಡುತ್ತಾ ಎದ್ದೇ ಇರುತ್ತೇವೆ.