ಡಬ್ಲಿನ್ ವೆಸ್ಟ್‌ನಲ್ಲಿ ನಮ್ಮ ಎಂಪಿ ಯಾರು?

ಬ್ಲಾಂಚರ್ಡ್ಸ್‌ಟೌನ್‌ಗೆ ಬಂದು ಮನೆ ಮಾಡಿದ್ದೀರಿ. ಲೆಟರ್‌ಬಾಕ್ಸ್‌ಗೆ ಬೇರೆ ಬೇರೆ ರಾಜಕಾರಣಿಗಳ ಕರಪತ್ರ ಬೀಳ್ತಾ ಇದೆ. ‘ಇವರಲ್ಲಿ ನಮ್ಮ ಎಂಪಿ ಯಾರು? ನಮ್ಮ ಕ್ಷೇತ್ರ ಡಬ್ಲಿನ್ 15 ತಾನೇ?’ ಅಂತ ಕೇಳಿದ್ದೀರಿ.

ಡಬ್ಲಿನ್ 15 ಅನ್ನೋದು ಅಂಚೆಯವರ ಲೆಕ್ಕ. ಓಟಿನ ಲೆಕ್ಕದಲ್ಲಿ ನೀವಿರುವುದು ಡಬ್ಲಿನ್ ವೆಸ್ಟ್. ಐರ್ಲೆಂಡಿನಲ್ಲಿ ಎಂಪಿ ಅನ್ನಲ್ಲ, ಟಿಡಿ ಅಂತಾರೆ. ಊರಲ್ಲಿ ಕ್ಷೇತ್ರಕ್ಕೊಬ್ಬರೇ ಶಾಸಕರಲ್ವಾ, ಇಲ್ಲಿ ಮೂರರಿಂದ ಐದು ಜನ. ನಮ್ಮ ಕ್ಷೇತ್ರಕ್ಕೆ ಈಗ ಐದು. ಹಾಗಾಗಿ ಕೆಲಸಕ್ಕೆ ಐವರಲ್ಲಿ ಯಾರ ಬಳಿ ಬೇಕಾದರೂ ಹೋಗಬಹುದು.

ಕ್ಷೇತ್ರ ಹುಟ್ಟಿದ್ದು 1981ರಲ್ಲಿ, ಆಗಲೂ ಐದೇ ಸೀಟು. ಆಮೇಲೆ ನಾಲ್ಕಾಯಿತು. ಲಿಫಿ ನದಿಯಾಚೆಯ ಲೂಕನ್ ಕಡೆಯದನ್ನು ಹೊಸ ಡಬ್ಲಿನ್ ಮಿಡ್-ವೆಸ್ಟ್‌ಗೆ ಕೊಟ್ಟ ಮೇಲೆ, 2002ರ ಚುನಾವಣೆಗೆ ಉಳಿದದ್ದು ಮೂರು. ಜನ ಬಂದು ತುಂಬಿದಂತೆ 2011ಕ್ಕೆ ನಾಲ್ಕು, 2024ಕ್ಕೆ ಮತ್ತೆ ಐದು. ಮುಂಬೈ ಮೂಲದ ತಂದೆಯ ಮಗ, ಮಾಜಿ ಪ್ರಧಾನಿ ಲಿಯೋ ವರಾಡ್ಕರ್ 2007ರಿಂದ 2024ರವರೆಗೆ ಇಲ್ಲಿಯ ಟಿಡಿ ಆಗಿದ್ದರು.

ಹಳಬರು ಹೇಳುವ ಮಜವಾದ ಕಥೆ 1982ರದ್ದು. ಪ್ರಧಾನಿ ಚಾರ್ಲ್ಸ್ ಹಾಹಿಗೆ ಬಹುಮತ ಇರಲಿಲ್ಲ. ವಿರೋಧ ಪಕ್ಷ ಫಿನೆ ಗೇಲ್‌ನ ಇಲ್ಲಿಯ ಟಿಡಿ ರಿಚರ್ಡ್ ಬರ್ಕ್‌ರನ್ನು ಬ್ರಸೆಲ್ಸ್‌ಗೆ ಯುರೋಪಿಯನ್ ಕಮಿಷನರ್ ಮಾಡಿ ಕಳಿಸಿದರು. ಸೀಟು ಖಾಲಿಯಾದರೆ ಉಪಚುನಾವಣೆಯಲ್ಲಿ ತಮ್ಮ ಪಕ್ಷವೇ ಗೆಲ್ಲಬಹುದು ಅಂತ ಲೆಕ್ಕ. ಬಡಾವಣೆಯೊಂದರಲ್ಲಿ ಗಿಡ ನೆಡಿಸಿದರಂತೆ, ಸೋತ ಮೇಲೆ ಕಿತ್ತುಕೊಂಡು ಹೋದರಂತೆ. ಗಿಡದ ಮಾತು ಎಷ್ಟು ನಿಜವೋ, ಗೆದ್ದದ್ದಂತೂ ಫಿನೆ ಗೇಲ್‌ನ ಲಿಯಾಮ್ ಸ್ಕೆಲ್ಲಿ.

ಗಡಿ ಹೀಗೆ ಹಿಂದೆ ಮುಂದೆ ಆಗೋದು ಸುಮ್ನೆ ಅಲ್ಲ. 20,000ದಿಂದ 30,000 ಜನಕ್ಕೆ ಒಬ್ಬ ಟಿಡಿ ಇರಬೇಕು ಅಂತ ಸಂವಿಧಾನವೇ ಹೇಳುತ್ತದೆ. ಲೆಕ್ಕ ಹಿಡಿಯುವುದು ಜನಗಣತಿಯಿಂದ, ಮತದಾರರ ಪಟ್ಟಿಯಿಂದಲ್ಲ. 2022ರ ಗಣತಿ ನೋಡಿ, 2023ರಲ್ಲಿ ಹೊಸದಾಗಿ ಶುರುವಾದ ಚುನಾವಣಾ ಆಯೋಗ ಒಟ್ಟು ಸೀಟುಗಳನ್ನು 160ರಿಂದ 174ಕ್ಕೆ ಏರಿಸಲು ಹೇಳಿತು. ಅಂದರೆ ಆ ಗಣತಿಯಲ್ಲಿ ಫಾರಂ ತುಂಬಿದ ನಮ್ಮವರೆಲ್ಲ ಆ ಸೀಟುಗಳ ಲೆಕ್ಕದಲ್ಲಿದ್ದಾರೆ. ಆದರೆ ಟಿಡಿಗೆ ಓಟು ಹಾಕಲು ಐರಿಶ್ ಇಲ್ಲವೇ ಬ್ರಿಟಿಷ್ ಪೌರತ್ವ ಬೇಕು. ನನಗಿದು ಸ್ವಲ್ಪ ವಿಚಿತ್ರ ಅನಿಸುತ್ತದೆ. ಲೆಕ್ಕಕ್ಕೇ ಸೇರಿಸದೆ ಇರುವುದಕ್ಕಿಂತ ಇದು ವಾಸಿ ಬಿಡಿ.

ಕೌನ್ಸಿಲ್ ಚುನಾವಣೆಗೆ ಈ ಅಡ್ಡಿ ಇಲ್ಲ. ಇಲ್ಲಿ ವಾಸ ಇದ್ದು, 18 ತುಂಬಿದ್ದರೆ ಇಂಡಿಯನ್ ಪಾಸ್‌ಪೋರ್ಟ್ ಇಟ್ಟುಕೊಂಡೇ ಓಟು ಹಾಕಬಹುದು. ನಮ್ಮದು ಫಿಂಗಲ್ ಕೌಂಟಿ ಕೌನ್ಸಿಲ್. ರಸ್ತೆ, ಪಾರ್ಕು, ಲೈಬ್ರರಿ ಎಲ್ಲ ಅವರ ಕೈಯಲ್ಲೇ. ಪಿಪಿಎಸ್ ನಂಬರ್ (ಸರ್ಕಾರ ಕೊಡುವ ಗುರುತಿನ ಸಂಖ್ಯೆ), ಏರ್‌ಕೋಡ್ (ಮನೆಯ ಪೋಸ್ಟ್‌ಕೋಡ್) ಕೊಟ್ಟರೆ ಆನ್‌ಲೈನ್‌ನಲ್ಲೇ ಹೆಸರು ಸೇರಿಸಬಹುದು. ಮುಂದಿನ ಚುನಾವಣೆ 2029ಕ್ಕೆ. ಆದರೂ ಈಗಲೇ ಮಾಡಿಬಿಡಿ, ಆಮೇಲೆ ಮರೆತುಹೋಗುತ್ತೆ.