ಕೆಂಪಕ್ಷರದ ರಿಪೋರ್ಟು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಸಮಾಲೋಚನೆಗೆಂದು ನನ್ನ ಹತ್ತಿರ ಬಂದವರು ತೀರ್ಥಹಳ್ಳಿ ಕಡೆಯ ಅಡಿಕೆ ಮನೆಯ ಸೊಸೆ. ವಯಸ್ಸು ಮೂವತ್ತು ದಾಟಿದೆ. ಹಾಶಿಮೊಟೊ ಥೈರಾಯ್ಡ್ (ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಗೆ ಹಾನಿ ಮಾಡುವ ಕಾಯಿಲೆ) ಎಂದು ಡಾಕ್ಟರು ಮಾತ್ರೆ ಬರೆದಿದ್ದರು. ಸುಸ್ತು ಹೋಗಲಿಲ್ಲ, ಕೂದಲು ಉದುರೋದೂ ನಿಲ್ಲಲಿಲ್ಲ. ಯಾರೋ ಹೇಳಿದರೆಂದು ದುಬಾರಿ ರಕ್ತಪರೀಕ್ಷೆ ಮಾಡಿಸಿಕೊಂಡಿದ್ದರು. ಮ್ಯಾಲೊನ್‌ಡೈಆಲ್ಡಿಹೈಡ್ (ದೇಹದ ಕೊಬ್ಬು ಆಕ್ಸಿಡೀಕರಣದಿಂದ ಕೆಟ್ಟಾಗ ಹುಟ್ಟುವ ವಸ್ತು) ಜಾಸ್ತಿ, ಆ ಹಾನಿ ತಡೆಯುವ ಆ್ಯಂಟಿಆಕ್ಸಿಡೆಂಟ್ ಮಟ್ಟ ಕಮ್ಮಿ. ಎರಡೂ ಕೆಂಪಕ್ಷರದಲ್ಲಿ.

"ಒಳಗೆಲ್ಲ ತುಕ್ಕು ಹಿಡೀತಿದೆಯಂತೆ ಮೇಡಂ" ಎಂದು ಅತ್ತರು.

ಡಾಕ್ಟರ ಹತ್ತಿರ ಕೇಳಿಕೊಂಡೇ ಇಷ್ಟು ಹೇಳಿದೆ: ಹಾರ್ಮೋನ್ ಮಾಡಲು ಥೈರಾಯ್ಡ್ ಗ್ರಂಥಿ ತಾನೇ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸಿಕೊಳ್ಳುತ್ತದೆ. ಅದರ ಕಾಟ ತಡೆಯಲು ಸೆಲೆನಿಯಂ ಇರುವ ಕಿಣ್ವಗಳೂ ಅಲ್ಲೇ ಇವೆ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದಾಗ ಈ ಎರಡರ ಲೆಕ್ಕ ಏರುಪೇರಾಗುತ್ತದೆ. ಆದರೆ ಸಕ್ಕರೆ ಕಾಯಿಲೆ, ಸಿಗರೇಟು, ಸೋಂಕು ಇದ್ದರೂ ರಿಪೋರ್ಟಿನ ಆ ಮೊದಲ ಅಂಕಿ ಏರಬಹುದು. ಇದನ್ನು ನೋಡಿ ಮಾತ್ರೆಯ ಡೋಸ್ ನಿರ್ಧರಿಸುವುದಿಲ್ಲ. ಅದಕ್ಕೆ ಟಿಎಸ್‌ಎಚ್ ನೋಡುತ್ತಾರೆ. ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನ್ ಅದು, ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದರೆ ಏರುತ್ತದೆ.

ಆಮೇಲೆ ಮಾತ್ರೆ ಹೇಗೆ ತಗೋತೀರಿ ಅಂತ ಕೇಳಿದೆ. ಬೆಳಿಗ್ಗೆ ಕಾಫಿ ಜೊತೆ, ಕಬ್ಬಿಣದ ಮಾತ್ರೆಯೂ ಒಟ್ಟಿಗೇ! ಹೀಗಾದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಬರೀ ಹೊಟ್ಟೆಗೆ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ. ಕಬ್ಬಿಣ, ಕ್ಯಾಲ್ಸಿಯಂ ನಾಲ್ಕು ಗಂಟೆ ಆದಮೇಲೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಬೇರೆ ನುಂಗುತ್ತಿದ್ದರು. ಅದು ಕೆಲವು ಥೈರಾಯ್ಡ್ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು. ರಕ್ತ ಕೊಡುವ ಮೊದಲು ಎರಡು ದಿನವಾದರೂ ನಿಲ್ಲಿಸಬೇಕು, ಡಾಕ್ಟರಿಗೂ ತಿಳಿಸಬೇಕು. ಸೆಲೆನಿಯಂ ಮಾತ್ರೆಯ ಡಬ್ಬಿಯನ್ನು ಡಾಕ್ಟರಿಗೆ ತೋರಿಸದೆ ತೆರೆಯಬೇಡಿ ಎಂದೆ. ಅದು ಅತಿಯಾದರೆ ಕೂದಲೇ ಉದುರುತ್ತದೆ.

ಇಷ್ಟು ಹತ್ತು ನಿಮಿಷದಲ್ಲಿ ಮುಗಿಯಿತು. ಉಳಿದ ಹೊತ್ತೆಲ್ಲ ಅಡಿಕೆ ಸುಲಿಯೋ ಮಾತೇ. ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದಾದರೂ ಮೆಟ್ಟುಗತ್ತಿ ಮುಂದಿಂದ ಏಳುವ ಹಾಗಿಲ್ಲ. ಎದ್ದರೆ ಅತ್ತೆ, "ನಮ್ ಕಾಲ್ದಲ್ಲಿ ಇದೆಲ್ಲ ಇತ್ತಾ?" ಅಂತಾರೆ. ಗಂಡ ಸುಮ್ನೆ ಇರ್ತಾರೆ. ಆ ರಿಪೋರ್ಟು ಈಕೆಗೆ ಯಾಕೆ ಬೇಕಿತ್ತು ಅಂತ ನನಗೆ ಆಗ ಹೊಳೆಯಿತು. ತಾನು ಸೋಮಾರಿಯಲ್ಲ ಅನ್ನೋದಕ್ಕೆ ಸಾಕ್ಷಿ ಬೇಕಿತ್ತು, ಅಲ್ವಾ?

ಮುಂದಿನ ಸಲ ಗಂಡನನ್ನು ಕರೆಸಿದೆ. ಟಿಎಸ್‌ಎಚ್ ಏರಿದರೆ ಸುಸ್ತು, ಚಳಿ, ಮಂಕು ಬರೋದು ಕಾಯಿಲೆಯಿಂದ, ಮೈಗಳ್ಳತನದಿಂದ ಅಲ್ಲ ಎಂದು ಅವರಿಗೇ ವಿವರಿಸಿದೆ. "ಅಮ್ಮನ ಹತ್ರ ನಾನೇ ಮಾತಾಡ್ತೀನಿ" ಎಂದರು. ರಾತ್ರಿ ಒಂಬತ್ತಕ್ಕೆ ಈಕೆ ಸುಲಿಯೋದು ಬಿಟ್ಟು ಏಳುವುದು, ಆಮೇಲಿನ ರಾಶಿಗೆ ಆಳು ಇಡುವುದು ಅಂತ ಒಪ್ಪಂದವಾಯಿತು.

ಎರಡು ತಿಂಗಳಾದ ಮೇಲೆ ಟಿಎಸ್‌ಎಚ್ ಮಿತಿಯೊಳಗೆ ಬಂದಿದೆ. ಕೂದಲು ಇನ್ನೂ ಸ್ವಲ್ಪ ಉದುರುತ್ತಿದೆ, ಅದಕ್ಕೆ ಟೈಮ್ ಬೇಕು. ಆ ದುಬಾರಿ ಪರೀಕ್ಷೆ ಮತ್ತೆ ಮಾಡಿಸಲಾ ಎಂದು ಕೇಳಿದರು. ಬೇಡ, ಆ ದುಡ್ಡು ಆಳಿನ ಕೂಲಿಗಾಗಲಿ ಎಂದೆ.