ಚರ್ಮದ ಪುಸ್ತಕದಿಂದ ಕೆಂಪು ಪುಡಿ ಉದುರುತ್ತಿದೆ, ಎಣ್ಣೆ ಹಚ್ಚಲಾ?

ಪ್ರಶ್ನೆ: ಚರ್ಮದ ಬೈಂಡಿಂಗ್, ಬೆನ್ನ ಮೇಲೆ ಬಂಗಾರದ ಹೂಬಳ್ಳಿ ಇರುವ ಹಳೇ ಪುಸ್ತಕ ಕಂಡರೆ ನನಗೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಹೋದ ತಿಂಗಳು 1880ರ ಸುಮಾರಿನ ಆರು ಸಂಪುಟದ ಇಂಗ್ಲಿಷ್ ಸೆಟ್ ತಂದೆ. ಮುಟ್ಟಿದರೆ ಸಾಕು, ಕೈಗೆ, ಬಟ್ಟೆಗೆಲ್ಲ ಕೆಂಪು ಪುಡಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಸರಿಹೋಗುತ್ತದೆ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ನಾನು ಮೋಸ ಹೋದೆನಾ? ಮುಂದೆ ಕೊಳ್ಳುವಾಗ ಏನು ನೋಡಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಯವಿಟ್ಟು ಎಣ್ಣೆ ಹಚ್ಚಬೇಡಿ. ಶೂ ಪಾಲಿಶ್ ಅಂತೂ ಬೇಡವೇ ಬೇಡ. ಪುಡಿಯಾದ ಚರ್ಮ ಎಣ್ಣೆ ಕುಡಿದು ಕಪ್ಪಾಗುತ್ತದೆ, ಎಣ್ಣೆ ಮೆಲ್ಲಗೆ ಪುಟಗಳಿಗೂ ಇಳಿಯುತ್ತದೆ, ನಾಳೆ ರಿಪೇರಿ ಮಾಡಿಸೋಣ ಅಂದರೆ ಅಂಟು ಹಿಡಿಯುವುದಿಲ್ಲ. ಹಿಂದೆ ದೊಡ್ಡ ದೊಡ್ಡ ಗ್ರಂಥಾಲಯಗಳಲ್ಲೇ ಲ್ಯಾನೊಲಿನ್ (ಕುರಿ ಉಣ್ಣೆಯ ಜಿಡ್ಡು), ದನದ ಕಾಲಿನ ಎಣ್ಣೆ ಹಚ್ಚುತ್ತಿದ್ದರು. ಈಗ ಪುಸ್ತಕ ಸಂರಕ್ಷಣೆ ಮಾಡುವವರು ಅದನ್ನು ಬಿಟ್ಟಿದ್ದಾರೆ.

ಈ ಕಾಯಿಲೆಗೆ ರೆಡ್ ರಾಟ್ ಅನ್ನುತ್ತಾರೆ. ಗಿಡದ ತೊಗಟೆ ಹಾಕಿ ಹದ ಮಾಡಿದ ಚರ್ಮ ಗಾಳಿಯಲ್ಲಿರುವ ಗಂಧಕದ ಹೊಗೆಯನ್ನು ಹೀರಿಕೊಳ್ಳುತ್ತದೆ. ಅದು ಒಳಗೆ ಆಮ್ಲವಾಗಿ ಚರ್ಮದ ನಾರನ್ನೇ ತಿನ್ನುತ್ತದೆ. ಆಗಿನ ಲಂಡನ್ ನೆನೆಸಿಕೊಳ್ಳಿ: ಕಲ್ಲಿದ್ದಲ ಹೊಗೆ, ಮನೆಯೊಳಗೆ ಗ್ಯಾಸ್ ದೀಪ. ಸಾಲದ್ದಕ್ಕೆ ಚರ್ಮಕ್ಕೆ ಬಣ್ಣ ಹಾಕುವಾಗಲೂ ಸಲ್ಫ್ಯೂರಿಕ್ ಆಮ್ಲ ಬಳಸುತ್ತಿದ್ದರು. ಅದಕ್ಕೇ ಎಷ್ಟೋ ಸಲ 1650ರ ಪುಸ್ತಕ ಗಟ್ಟಿಮುಟ್ಟಾಗಿರುತ್ತದೆ, 1880ರದ್ದು ಪುಡಿ ಉದುರಿಸುತ್ತದೆ.

ಇದರಲ್ಲಿ ನಮ್ಮ ಕಡೆಯ ಕಥೆಯೂ ಇದೆ. ಪುಸ್ತಕಗಳ ಚರ್ಮ ಯಾಕೆ ಹೀಗೆ ಹಾಳಾಗುತ್ತಿದೆ ಎಂದು ಪತ್ತೆ ಮಾಡಲು ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ 1900ರಲ್ಲಿ ಒಂದು ಸಮಿತಿ ಮಾಡಿತು. ಅಗ್ಗದ ಬೈಂಡಿಂಗಿಗೆ ಬಳಸುತ್ತಿದ್ದ ಈಸ್ಟ್ ಇಂಡಿಯಾದ, ಅಂದರೆ ನಮ್ಮ ದೇಶದ, ಕುರಿ, ಆಡಿನ ಚರ್ಮ ತೀರಾ ಕೆಟ್ಟದ್ದು, ಒಂದು ವರ್ಷ ತುಂಬುವ ಮೊದಲೇ ಹಾಳಾಗಿದ್ದೂ ಇದೆ ಎಂದು ಸಮಿತಿ ವರದಿ ಕೊಟ್ಟಿತು. ಮದ್ರಾಸ್ ಕಡೆಯಿಂದ ಹಡಗು ಹತ್ತುತ್ತಿದ್ದ ಇಂಥ ಚರ್ಮವನ್ನು ಹದ ಮಾಡುತ್ತಿದ್ದದ್ದು ತಂಗಡಿ ತೊಗಟೆಯಲ್ಲಿ. ಬಯಲುಸೀಮೆಯ ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ ತಂಗಡಿ. ಬೇರೆ ಕೆಲಸಕ್ಕೆಲ್ಲ ಆ ಚರ್ಮ ಒಳ್ಳೆಯದೇ, ನೂರಾರು ವರ್ಷ ಬಾಳಬೇಕಾದ ಪುಸ್ತಕಕ್ಕೆ ಮಾತ್ರ ಸರಿಯಲ್ಲ.

ಸರಿ, ಈಗ ಏನು ಮಾಡಬೇಕು? ಮೂಗಿಗೆ ಮಾಸ್ಕ್ ಹಾಕಿಕೊಂಡು ಮೆತ್ತನೆಯ ಒಣ ಬ್ರಷ್‌ನಿಂದ ಪುಡಿ ತೆಗೆಯಿರಿ. ಒದ್ದೆ ಬಟ್ಟೆ ತಾಗಿಸಬೇಡಿ, ನೀರು ಬಿದ್ದ ಜಾಗ ಕಪ್ಪಾಗಿ ಬಿರುಸಾಗುತ್ತದೆ. ಸಂರಕ್ಷಣೆ ಮಾಡುವವರು ಕ್ಲುಸೆಲ್ ಜಿ ಎಂಬ ಸೆಲ್ಯುಲೋಸ್ ಪುಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕರಗಿಸಿ ತೆಳ್ಳಗೆ ಹಚ್ಚುತ್ತಾರೆ. ಇದರಿಂದ ಚರ್ಮ ವಾಸಿಯಾಗುವುದಿಲ್ಲ, ಪುಡಿ ಉದುರುವುದು ನಿಲ್ಲುತ್ತದೆ ಅಷ್ಟೇ. ಬಣ್ಣ ಸ್ವಲ್ಪ ಗಾಢವಾಗಬಹುದು, ಹಾಗಾಗಿ ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಹಚ್ಚಿ ನೋಡಿ. ಇಷ್ಟೆಲ್ಲ ಬೇಡ ಅನಿಸಿದರೆ ಆಮ್ಲರಹಿತ ಕಾಗದದ ಹೊದಿಕೆ ಹಾಕಿಡಿ, ಸಾಕು. ನಿಮ್ಮ ಕಡೆ ಮಳೆ ಜಾಸ್ತಿ ಅಲ್ವಾ, ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಇಡಬೇಡಿ. ಗಾಳಿಯ ತೇವ ಶೇ. 65 ದಾಟಿದರೆ ಬೂಸ್ಟು ಹಿಡಿಯುತ್ತದೆ. ಬೀರುವನ್ನು ಹೊರಗೋಡೆಗೆ ಒತ್ತಿ ಇಡದೆ ಸ್ವಲ್ಪ ಜಾಗ ಬಿಡಿ.

ಹೊಲಿಗೆ ಗಟ್ಟಿಯಿದ್ದು ಪುಟಗಳು ಚೆನ್ನಾಗಿದ್ದರೆ ನೀವು ಮೋಸ ಹೋಗಿಲ್ಲ. ಆದರೆ ಮುಂದಿನ ಸಲ ಬಂಗಾರ ನೋಡುವ ಮೊದಲು ರಟ್ಟು ಬೆನ್ನಿಗೆ ಸೇರುವ ಗೆರೆ ನೋಡಿ. ಪುಸ್ತಕ ಸಾಯುವುದು ಅಲ್ಲಿಂದಲೇ. ಅರ್ಧ ಮಾತ್ರ ತೆರೆದು ಆ ಗೆರೆಯ ಮೇಲೆ ಮೆಲ್ಲಗೆ ಬೆರಳಾಡಿಸಿ: ಬಿರುಕಿದ್ದರೆ ತಿಳಿಯುತ್ತದೆ, ಪುಡಿಯಿದ್ದರೆ ಬೆರಳಿಗೆ ಹತ್ತುತ್ತದೆ. ಚೆನ್ನಾಗಿ ಹದ ಮಾಡಿದ ಆಡಿನ ಚರ್ಮಕ್ಕೆ, ಅಂದರೆ ಮೊರಾಕೊಗೆ, ಕಣಕಣವಾದ ಮೈ ಇರುತ್ತದೆ, ತಾಳಿಕೆಯೂ ಜಾಸ್ತಿ. ಕರುವಿನ ಚರ್ಮ ನುಣುಪು, ನೋಡಲು ತುಂಬಾ ಚೆಂದ, ಬೇಗ ಸವೆಯುತ್ತದೆ. ಕುರಿ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತದೆ.

ಆಮೇಲೆ ಬಂಗಾರ. ಪುಸ್ತಕವನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಬೈಂಡರ್ ಬಂಗಾರದ ರೇಕಿನ ಮೇಲೆ ಕಾದ ಹಿತ್ತಾಳೆ ಅಚ್ಚನ್ನು ಕೈಯಲ್ಲೇ ಒತ್ತಿದ್ದರೆ ಒಂದು ಹೂ ಆಳವಾಗಿ ಕೂತಿರುತ್ತದೆ, ಪಕ್ಕದ್ದು ಕೂದಲೆಳೆಯಷ್ಟು ವಾಲಿರುತ್ತದೆ. ನೂರಾರು ಹೂ ಒತ್ತಿದ ಆ ಕೈ ನನಗೆ ಅಲ್ಲೇ ಕಾಣುತ್ತದೆ, ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ. ಎಲ್ಲ ಹೂವೂ ಒಂದೇ ಆಳ, ಒಂದೇ ಅಳತೆಯಾಗಿದ್ದರೆ ಹೆಚ್ಚಾಗಿ ಅದು ಪ್ರೆಸ್ಸಿನ ಕೆಲಸ. ಫ್ರಾಂಕ್ಲಿನ್ ಲೈಬ್ರರಿ, ಈಸ್ಟನ್ ಪ್ರೆಸ್ ಎಂಬ ಅಮೆರಿಕದ ಪ್ರಕಾಶಕರ ಪುಸ್ತಕಗಳು ಫಳಫಳ ಹೊಳೆಯುತ್ತವೆ, ಆದರೆ ಅವು 1970ರ ದಶಕದಿಂದ ಈಚಿನವು, ಪುರಾತನ ಅಂತ ಬೆಲೆ ಕೊಡಬೇಡಿ. ಕಡಿಮೆ ದುಡ್ಡಿನಲ್ಲಿ ಶುರು ಮಾಡಲು ಇಂಗ್ಲೆಂಡಿನ ಶಾಲೆಗಳು ಬಹುಮಾನ ಕೊಡುತ್ತಿದ್ದ ಪುಸ್ತಕ ಹುಡುಕಿ. ಮುಂದಿನ ರಟ್ಟಿನ ಮೇಲೆ ಶಾಲೆಯ ಲಾಂಛನ, ಒಳಗೆ ಗೆದ್ದ ಹುಡುಗನ ಹೆಸರಿನ ಚೀಟಿ ಇರುತ್ತದೆ.

ಒಂದು ಮಾತು ಬಿಟ್ಟೆ. ನಿಮ್ಮ ಆರು ಸಂಪುಟಗಳ ಬೆನ್ನಿನ ಮೇಲ್ತುದಿ ನೋಡಿ, ಒಂದೆರಡಾದರೂ ಹರಿದಿರಬಹುದು. ಅಲ್ಲಿಗೆ ಬೆರಳು ಸಿಕ್ಕಿಸಿ ಎಳೆದೂ ಎಳೆದೂ ಹಾಗಾಗುತ್ತದೆ. ಅಕ್ಕಪಕ್ಕದ ಪುಸ್ತಕಗಳನ್ನು ಸ್ವಲ್ಪ ಒಳಗೆ ತಳ್ಳಿ, ಬೇಕಾದ್ದನ್ನು ನಡುವೆ ಹಿಡಿದು ತೆಗೆಯಿರಿ.